ಆಪರೇಷನ್ ಆಯ್ತಲ್ಲ, ಇನ್ನೇನು?

ಆಟಿ ತಿಂಗಳ 18ನೇ ದಿನ ಅಂದ್ರೆ ನಮ್ಮ ಕೊಡಗಿನ ಕಡೆ ಮದ್ದು ಸೊಪ್ಪಿನ ಪಾಯಸ, ಗೊತ್ತಲ್ಲ. ಬೆಳಿಗ್ಗೆ ದೊಡ್ಡಮ್ಮ ಆ ಮಳೆಯಲ್ಲೂ ಚೇರಂಬಾಣೆಯಿಂದ ಡಬ್ಬಿ ತುಂಬಾ ತಂದಿದ್ದರು. ಕಡು ನೇರಳೆ ಬಣ್ಣ, ಮೇಲೆ ತುಪ್ಪ, ಜೇನು. ನಾನು ಬೇಡ ಅಂದೆ. ಬಂತು ನೋಡಿ: "ಆಪರೇಷನ್ ಆಯ್ತಲ್ಲ, ಇನ್ನೇನೇ ನಿಂದು ಪಥ್ಯ?"

ಮೈಸೂರಲ್ಲಿ ಹೃದಯದ ವಾಲ್ವ್ ಬದಲಿಸಿಕೊಂಡು, ಎದೆಗೆ ಹೊಲಿಗೆ ಹಾಕಿಸಿಕೊಂಡು ಬಂದಾಗಿನಿಂದ ಈ "ಆಯ್ತಲ್ಲ" ಕೇಳಿ ಕೇಳಿ ತಲೆ ಕೆಟ್ಟಿದೆ.

ಆ ಪಾಯಸ ತಿಂದರೆ ಮೂತ್ರ ಕೆಂಪಗಾಗುತ್ತೆ, ಚಿಕ್ಕವರಿದ್ದಾಗ ಅದೇ ನಮಗೆ ತಮಾಷೆ. ಈಗ ನಾನು ದಿನಾ ವಾರ್ಫರಿನ್, ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ನುಂಗೋಳು. ಮೂತ್ರ ಕೆಂಪಾದರೆ ಒಳಗೆ ರಕ್ತ ಸೋರ್ತಿದೆಯಾ ಅಂತ ಡಾಕ್ಟರ ಹತ್ತಿರ ಓಡಬೇಕು. ಇದು ಸೊಪ್ಪಿನ ಕೆಂಪೋ ರಕ್ತದ ಕೆಂಪೋ ಅಂತ ಬಚ್ಚಲಲ್ಲಿ ನಿಂತು ಪಂಚಾಯಿತಿ ಮಾಡ್ಲಾ?

ಗಂಟಲು ನೋವು, ಜ್ವರ, ಕೀಲು ಬಾವು, "ಮಳೆಗಾಲದ ಥಂಡಿ" ಅಂತ ಬಿಟ್ಟಿದ್ದು, ಕೊನೆಗೆ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಬಾಗಿಲು) ಕಿರಿದಾಗಿ ಮೆಟ್ಟಿಲು ಹತ್ತೋಕಾಗದೆ ಕೂತಿದ್ದು, ಎಲ್ಲ ನೀವು ಕಂಡಿದ್ದೇ. ಈಗ ಒಳಗಿರೋದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ್ದು, 1990ರಿಂದ ರೋಗಿಗಳಿಗೆ ಹಾಕ್ತಿದ್ದಾರೆ. ("ಫಾರಿನ್‌ದು ಹಾಕಿಸಬೇಕಿತ್ತು" ಅಂದ ಭಾವನಿಗೆ ನಮಸ್ಕಾರ.) ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಮಾತ್ರೆ, ಬದುಕಿರೋವರೆಗೂ. ಐಎನ್‌ಆರ್ ಅಂದ್ರೆ ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅಂತ ತೋರಿಸೋ ಲೆಕ್ಕ. ಅದು ಈ ಮಾತ್ರೆ ನುಂಗದವರಿಗೆ ಸುಮಾರು 1, ನನಗೆ 2.5ರಿಂದ 3.5ರೊಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು, ಪಾರ್ಶ್ವವಾಯು. ಜಾಸ್ತಿಯಾದರೆ ರಕ್ತಸ್ರಾವ. ಇದನ್ನ ನೋಡೋಕೆ ಈ ಮಳೆಯಲ್ಲಿ ಮಡಿಕೇರಿಗೆ ಹೋಗಿ ರಕ್ತ ಕೊಟ್ಟು ಬರಬೇಕು. ಸೊಪ್ಪು ತರಕಾರಿ ಬಿಡು ಅಂತ ಯಾರೂ ಹೇಳಿಲ್ಲ, ಒಂದೇ ಅಳತೆಯಲ್ಲಿ ತಿನ್ನು, ಇಲ್ಲಾಂದ್ರೆ ಆ ಲೆಕ್ಕ ಏರುಪೇರಾಗುತ್ತೆ ಅಂದಿದ್ದಾರೆ. ಸೊಂಟ ನೋವಿಗೆ ಪಕ್ಕದ ಮನೆಯವರು ಕೊಡೋ ಡೈಕ್ಲೋಫೆನಾಕ್ ಮಾತ್ರೆ ಮಾತ್ರ ಮುಟ್ಟೋ ಹಾಗಿಲ್ಲ, ರಕ್ತಸ್ರಾವದ ಭಯ.

"ಮತ್ತೆ ಸುಸ್ತು ಯಾಕೆ?" ವರ್ಷಗಟ್ಟಲೆ ಕಿರಿದಾದ ಬಾಗಿಲಲ್ಲಿ ತಳ್ಳಾಡಿ ಮೇಲಿನ ಕೋಣೆ ಹಿಗ್ಗಿದ ಹೃದಯ ಅದು. ವಾಲ್ವ್ ಹೊಸದಾದ ಮಾತ್ರಕ್ಕೆ ಮಾರನೇ ದಿನ ಕಾಫಿ ಕೊಯ್ಲಿಗೆ ಹೊರಡಲ್ಲ. ಬಡಿತ ಒಮ್ಮೊಮ್ಮೆ ಈಗಲೂ ತಪ್ಪುತ್ತೆ. ಎದೆ ಮೂಳೆ ಕೂಡೋಕೆ ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ನೀರಿನ ಕೊಡ ಎತ್ತೋ ಹಾಗಿಲ್ಲ, ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡು ಕೆಮ್ಮಬೇಕು. ಅದನ್ನು ನೋಡಿ ನಕ್ಕವರೂ ಇದ್ದಾರೆ.

ಇಷ್ಟು ದಿನ ಯಾರಿಗೂ ಹೇಳದ್ದು ಒಂದಿದೆ. ಮೊದಮೊದಲು ನಾನು ಸುಮ್ಮಸುಮ್ಮನೆ ಅಳ್ತಿದ್ದೆ. ಗ್ಯಾಸ್ ಖಾಲಿಯಾದರೂ ಅಳು. ಕರೆಂಟ್ ಇಲ್ಲದ ರಾತ್ರಿ, ಮಳೆ ಸ್ವಲ್ಪ ಬಿಟ್ಟಾಗ ಎದೆಯೊಳಗಿನ ವಾಲ್ವಿನ ಟಿಕ್ ಟಿಕ್ ಪಕ್ಕದಲ್ಲಿ ಮಲಗಿದ ಇವರಿಗೂ ಕೇಳಿಸುತ್ತೆ. ನಿಂತುಬಿಟ್ಟರೆ ಅಂತ ಎಣಿಸ್ತಾ ಕೂರ್ತಿದ್ದೆ. ಹಾರ್ಟ್ ಆಪರೇಷನ್ ಆದಮೇಲೆ ಮನಸ್ಸು ಹೀಗೆ ಕುಸಿಯೋದು ತುಂಬ ಜನಕ್ಕೆ ಆಗುತ್ತಂತೆ. ಅಂಥ ಹೊತ್ತಲ್ಲೂ ಫೋನ್ ಮಾಡಿದವರದ್ದು ಅದೇ ಪಲ್ಲವಿ, ಆಯ್ತಲ್ಲ!

ಪ್ರೀತಿಗೆ ಹೇಳ್ತಾರೆ, ಬೇಜಾರು ಮಾಡ್ಕೋಬೇಡ ಅಂತಾರೆ ಇವರು. ಇರಬಹುದು. ದೊಡ್ಡಮ್ಮನ ಪ್ರೀತಿ ನನಗೂ ಗೊತ್ತು. ಆದರೆ ಅವರ ಪ್ರೀತಿಗೆ ನನ್ನ ಐಎನ್‌ಆರ್ ಗೊತ್ತಿಲ್ಲವಲ್ಲ. ನಾಳೆ ಉಸಿರು ಕಟ್ಟಿದರೆ, ಕಾಲು ಊದಿದರೆ, ಮಾತು ತೊದಲಿದರೆ ಆಸ್ಪತ್ರೆಗೆ ಓಡೋಳು ನಾನು.

ಮುಂದಿನ ವಾರ ಪೆನಿಸಿಲಿನ್ ಇಂಜೆಕ್ಷನ್. ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಚುಚ್ಚಿಸಿಕೊಳ್ಳಬೇಕು. ಗಂಟಲು ನೋವಿಂದ ಶುರುವಾಗಿ ನನ್ನ ವಾಲ್ವ್ ಕೆಡಿಸಿದ ಆ ರುಮ್ಯಾಟಿಕ್ ಜ್ವರ ಮತ್ತೆ ಬಂದು ಉಳಿದ ವಾಲ್ವ್‌ಗಳನ್ನೂ ಹಾಳು ಮಾಡಬಾರದಲ್ಲ. ಹಲ್ಲು ಕೀಳಿಸೋಕೆ ಹೋದರೂ ವಾಲ್ವ್ ವಿಷಯ ಹೇಳಿ ಮೊದಲೇ ಆಂಟಿಬಯೋಟಿಕ್ ತಗೋಬೇಕು. ಇದಕ್ಕೂ "ಆಪರೇಷನ್ ಆಯ್ತಲ್ಲ" ಅನ್ನೋರಿದ್ದರೆ ದಯವಿಟ್ಟು ಕಾಮೆಂಟಲ್ಲೇ ಹೇಳಿ ಮುಗಿಸಿ, ಮನೆಗೆ ಬರಬೇಡಿ. ರಸ್ತೆನೂ ಸರಿಯಿಲ್ಲ.