ಹತ್ತಕ್ಕೆ ಹತ್ತು ಕೊಡುವ ಮೊದಲು

ತಮ್ಮನ ಹೊಸ ಕಾರಿನ ಎಡಗಡೆ ಹಿಂದಿನ ಬಾಗಿಲು ಒಂದು ಬಣ್ಣ, ಅದರ ಪಕ್ಕ, ಚಕ್ರದ ಮೇಲಿನ ಫೆಂಡರ್ ಇನ್ನೊಂದು ಬಣ್ಣ. ನೆರಳಲ್ಲಿ ನಿಲ್ಲಿಸಿದರೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಓರೆ ಬಿಸಿಲಲ್ಲಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ ಎದ್ದು ಕಾಣುತ್ತದೆ. ನಾನು ರಜೆಗೆ ತುಮಕೂರಿಗೆ ಬಂದ ಎರಡನೇ ದಿನ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಗೆ ಬಂದಾಗ ಕಂಡಿದ್ದು ಇದು. "ಎಲ್ಲೋ ಗುದ್ದಿದ್ಯಾ?" ಅಂತ ಕೇಳಿದೆ. ಅವನ ಮುಖ ಸಪ್ಪಗಾಯಿತು. "ಗುದ್ದಿಲ್ಲ ಅಣ್ಣ, ವಾರಂಟಿಯಲ್ಲಿ ಪೇಂಟ್ ಮಾಡಿಕೊಟ್ಟಿದ್ದು" ಅಂದ.

ಕಾರು ತಗೊಂಡ ನಾಲ್ಕನೇ ತಿಂಗಳಿಗೆ ಆ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತಂತೆ. ಹನ್ನೊಂದು ಲಕ್ಷದ ಗಾಡಿ, ಕಂತು ಇನ್ನೂ ಐದು ವರ್ಷ ಇದೆ. ವರ್ಕ್‌ಶಾಪಿನವರು ವಾರಂಟಿ ಅಂತ ಬೇಗ ಒಪ್ಪಿಕೊಂಡರು, ಅದರಲ್ಲಿ ತಕರಾರು ಇರಲಿಲ್ಲ. ಮೂರು ದಿನ ಇಟ್ಟುಕೊಂಡು, ಸಂಜೆ ಏಳು ಗಂಟೆಗೆ, ಟ್ಯೂಬ್‌ಲೈಟ್ ಕೆಳಗೆ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಗಾಡಿಯನ್ನು ತೋರಿಸಿ, ಸಹಿ ಹಾಕಿಸಿಕೊಂಡು ಕೀ ಕೊಟ್ಟರು. ಮಾರನೇ ದಿನ ನೋಡಿದರೆ ಬಾಗಿಲು ಒಂದು ಛಾಯೆ ಗಾಢ. ಮುಟ್ಟಿದರೆ ಧೂಳಿನ ಕಾಳು ಕೈಗೆ ತಾಗುತ್ತದೆ. ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಂಡಿ ಗುಂಡಿ. ಕಿಟಕಿಯ ಕಪ್ಪು ಬೀಡಿಂಗ್ ಮೇಲೆ ಬೂದು ಬಣ್ಣದ ಸಿಂಪರಣೆ, ಹ್ಯಾಂಡಲ್ ಕೆಳಗೆ ಮಾಸ್ಕಿಂಗ್ ಟೇಪಿನ ಗೆರೆ.

ಫೋನ್ ಮಾಡಿದ. "ಮೆಟಾಲಿಕ್ ಬಣ್ಣ ಅಂದರೆ ಹಾಗೇ ಸರ್." "ಸ್ವಲ್ಪ ದಿನ ಬಿಸಿಲಲ್ಲಿ ಓಡಿಸಿ, ಸೆಟ್ ಆಗುತ್ತೆ." "ಮುಂದಿನ ಸರ್ವಿಸ್‌ಗೆ ತನ್ನಿ, ಪಾಲಿಶ್ ಹೊಡೆದು ಕೊಡ್ತೀವಿ." ಪಾಲಿಶ್ ಹೊಡೆದರು. ಹೊಳಪು ಬಂತು, ಬಣ್ಣ ಬದಲಾಗಲಿಲ್ಲ. ಪಾಲಿಶಿನಿಂದ ಧೂಳಿನ ಕಾಳು ಹೋಗಬಹುದು, ಸಣ್ಣ ಗೀರು ಹೋಗಬಹುದು, ಛಾಯೆ ಹೇಗೆ ಹೋಗುತ್ತದೆ?

ನನಗೆ ನಿಜವಾಗಿ ಸಂಕಟ ಆಗಿದ್ದು ಆಮೇಲೆ ಅವನು ಹೇಳಿದ ಮಾತಿಗೆ. ಗಾಡಿ ಕೊಟ್ಟ ಸಂಜೆ ಸರ್ವಿಸ್ ಅಡ್ವೈಸರ್ ಹುಡುಗ ಪಕ್ಕಕ್ಕೆ ಕರೆದು, "ಅಣ್ಣ, ಕಂಪನಿಯಿಂದ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಅಂತ ಹೇಳಿಬಿಡಿ, ಕಮ್ಮಿ ಆದ್ರೆ ನಂಗೆ ಪ್ರಾಬ್ಲಂ ಆಗುತ್ತೆ" ಅಂದಿದ್ದನಂತೆ. ಹುಡುಗ ಗುಬ್ಬಿ ಕಡೆಯವನು, ತಮ್ಮನ ಸ್ನೇಹಿತನಿಗೆ ಪರಿಚಯದವನು. ಕಾಲ್ ಬಂದಿದ್ದು ಎರಡು ದಿನದ ಮೇಲೆ, ಬಾಗಿಲು ಹೀಗಿದೆ ಅಂತ ಗೊತ್ತಾದ ಮೇಲೆ. ಆದರೂ ತಮ್ಮ ಹತ್ತು ಅಂದ. ಒಂದು ತಿಂಗಳು ಬಿಟ್ಟು ಮೇಲಿನವರ ಹತ್ತಿರ ಹೋಗಿ ಕೇಳಿದಾಗ ಅವರು ಕಂಪ್ಯೂಟರ್ ನೋಡಿ ಹೇಳಿದ್ದು ಒಂದೇ ಮಾತು: "ನೀವೇ ಹತ್ತು ಕೊಟ್ಟಿದ್ದೀರಲ್ಲ ಸರ್."

ನಾನು ಹನ್ನೆರಡು ವರ್ಷದಿಂದ ಜರ್ಮನಿಯ ಉಲ್ಮ್‌ನಲ್ಲಿದ್ದೇನೆ. ಇದನ್ನು ಹೇಳಿದ ಕೂಡಲೇ "ಅಲ್ಲಿ ಎಲ್ಲ ಚೆನ್ನಾಗಿರುತ್ತೆ ಬಿಡಿ" ಅನ್ನುತ್ತಾರೆ. ಇಲ್ಲ. ನನ್ನ ಕಾರಿಗೂ ಹೀಗೇ ಆಗಿತ್ತು. 2019ರಲ್ಲಿ ತಗೊಂಡ ಹೊಸ ಕಾರು, ಬಾನೆಟ್ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಐದನೇ ತಿಂಗಳಿಗೆ ಮಂಕಾಯಿತು. ಮೊದಲ ರಿಪೇರಿ ಕೆಟ್ಟದಾಗಿತ್ತು, ಬಣ್ಣದ ಕೆಳಗೆ ಉಜ್ಜುಕಾಗದದ ಗೀರುಗಳು ಸಾಲಾಗಿ ಕಾಣುತ್ತಿದ್ದವು. ಎರಡನೇ ಸಲ ಮಾಡಿದರು, ಗೀರು ಹೋಯಿತು, ಅಂಚಿನಲ್ಲಿ ಬಣ್ಣ ಸೋರಿ ಹೆಪ್ಪುಗಟ್ಟಿತ್ತು. ಕೆಲಸದ ಮಟ್ಟಿಗೆ ಹೇಳುವುದಾದರೆ ಆ ವರ್ಕ್‌ಶಾಪಿಗೂ ನಮ್ಮ ಹೆದ್ದಾರಿ ಪಕ್ಕದ ವರ್ಕ್‌ಶಾಪಿಗೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ವ್ಯತ್ಯಾಸ ಇದ್ದಿದ್ದು ಕೆಲಸ ಕೆಟ್ಟ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ.

ಅಲ್ಲಿ ಎರಡು ಬೇರೆ ಬೇರೆ ಪದ ಇವೆ. ತಯಾರಕ ತಾನಾಗಿ ಕೊಡುವ ಭರವಸೆ ಗಾರಂಟಿ. ಮಾರಿದವನ ಮೇಲೆ ಕಾನೂನೇ ಹೊರಿಸುವ ಹೊಣೆ ಗೆವೇರ್‌ಲೈಸ್ಟುಂಗ್, ಹೊಸ ವಸ್ತುವಿಗೆ 2 ವರ್ಷ. ನಾನು ಕಾರು ತಗೊಂಡಾಗ ಇದ್ದ ನಿಯಮದ ಪ್ರಕಾರ ಮೊದಲ 6 ತಿಂಗಳಲ್ಲಿ ದೋಷ ಕಂಡರೆ ಅದು ಮೊದಲಿಂದಲೇ ಇತ್ತು ಅಂತ ಲೆಕ್ಕ, ಇರಲಿಲ್ಲ ಅಂತ ತೋರಿಸುವುದು ಮಾರಿದವನ ಕೆಲಸ. 2022ರಿಂದ ಅದು ಒಂದು ವರ್ಷ ಆಗಿದೆ. ಇನ್ನೊಂದು ನಿಯಮ ನನಗೆ ತುಂಬಾ ಉಪಯೋಗಕ್ಕೆ ಬಂತು: ಎರಡನೇ ಪ್ರಯತ್ನವೂ ಸರಿಹೋಗದಿದ್ದರೆ ಸಾಮಾನ್ಯವಾಗಿ ರಿಪೇರಿ ವಿಫಲ ಅಂತ ಎಣಿಸುತ್ತಿದ್ದರು. ಆಮೇಲೆ ಬೆಲೆಯಲ್ಲಿ ಕಡಿತ ಕೇಳಬಹುದು. ನಾನು ಕೇಳಿದೆ. ಕೊಟ್ಟರು.

ಆದರೆ ಅದಕ್ಕೆ ಏಳು ತಿಂಗಳು ಹಿಡಿಯಿತು. ಪ್ರತಿಯೊಂದಕ್ಕೂ ಪತ್ರ, ಪ್ರತಿ ಪತ್ರಕ್ಕೂ ಗಡುವು, ಅಪಾಯಿಂಟ್‌ಮೆಂಟ್ ಮೂರು ವಾರದ ನಂತರ. ನನ್ನ ಬಾನೆಟ್‌ಗೆ ಬಣ್ಣ ಹೊಡೆದವರ ಮುಖ ನಾನು ಒಂದು ಸಲವೂ ನೋಡಲಿಲ್ಲ. ಯಾರೂ ಒರಟಾಗಿ ಮಾತಾಡಲಿಲ್ಲ, ಯಾರೂ ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ. ಆ ಏಳು ತಿಂಗಳು ನಾನು ಎಷ್ಟು ಒಂಟಿ ಅನಿಸಿತ್ತು ಅಂದರೆ, ನಮ್ಮೂರಲ್ಲಾಗಿದ್ದರೆ ನೇರ ಹೋಗಿ ಮಾತಾಡಿ ಒಂದೇ ದಿನಕ್ಕೆ ಮುಗಿಸುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೆ.

ಈಗ ನಮ್ಮೂರಲ್ಲೇ ಇದ್ದೆ. ತಮ್ಮನನ್ನು ಕರೆದುಕೊಂಡು ಹೋದೆ.

ಅಪ್ಪನಿಗೆ ಇಷ್ಟ ಇರಲಿಲ್ಲ. "ಗಾಡಿ ಓಡುತ್ತೆ ತಾನೆ, ನಾಳೆ ಸರ್ವಿಸ್‌ಗೆ ಅವರ ಹತ್ತಿರಾನೇ ಹೋಗಬೇಕು, ಯಾಕೆ ನಿಷ್ಠುರ" ಅಂದರು. ಅಪ್ಪನ ಮಾತು ಸುಳ್ಳಲ್ಲ. ಉಲ್ಮ್‌ನಲ್ಲಿ ನಾನು ಪತ್ರ ಬರೆದು ಮಾರನೇ ದಿನ ಅದೇ ಕೌಂಟರಿನಲ್ಲಿ ವೈಪರ್ ಕೊಂಡುಕೊಳ್ಳಬಹುದು, ಯಾರ ಮನಸ್ಸಿಗೂ ಏನೂ ಆಗುವುದಿಲ್ಲ. ತುಮಕೂರಿನಲ್ಲಿ ದೂರು ಕೊಟ್ಟರೆ ಅದು ಬಾಗಿಲಿನ ಮೇಲಲ್ಲ, ಆ ಹುಡುಗನ ಮೇಲೆ ಕೊಟ್ಟ ಹಾಗೆ. ಅವನು ಜಾತ್ರೆಯಲ್ಲಿ ಸಿಗುತ್ತಾನೆ, ಮದುವೆಯಲ್ಲಿ ಸಿಗುತ್ತಾನೆ. ಈ ದಾಕ್ಷಿಣ್ಯವನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ. ಅದು ಇರುವುದರಿಂದಲೇ ಊರು ಊರಾಗಿದೆ. ಆದರೆ ನನ್ನ ತಮ್ಮನ ದಾಕ್ಷಿಣ್ಯವನ್ನು ಬಳಸಿಕೊಂಡು ಅವನ ಕೈಯಲ್ಲೇ ಅವನಿಗೆ ವಿರುದ್ಧವಾದ ದಾಖಲೆ ಹುಟ್ಟಿಸಿದರಲ್ಲ, ಅದು ತಪ್ಪು. ಆ ಹುಡುಗನ ತಪ್ಪು ಅಂತಲೂ ಅಲ್ಲ. ಒಂಬತ್ತು ಬಂದರೂ ಅವನನ್ನು ನಿಲ್ಲಿಸಿ ಪ್ರಶ್ನೆ ಮಾಡುವ ಪದ್ಧತಿಯ ತಪ್ಪು. ಹತ್ತು ಬಿಟ್ಟು ಬೇರೆ ಉತ್ತರಕ್ಕೆ ಜಾಗವೇ ಇಲ್ಲ ಅಂದಮೇಲೆ ಆ ಕಾಲ್ ಯಾಕೆ?

ಅಡ್ವೈಸರ್ ಹುಡುಗ ನಮ್ಮನ್ನು ನೋಡಿ ಗಾಬರಿಯಾದ. ಕಾಫಿ ತರಿಸಿದ. ಪೇಂಟರ್ ಅನ್ನು ಕರೆಸಿ ಅಂತ ಕೇಳಿದೆ, ಸ್ವಲ್ಪ ಹಿಂದೆ ಮುಂದೆ ನೋಡಿ ಕರೆಸಿದ. ಐವತ್ತು ದಾಟಿದವರು, ಮೊದಲು ಟಿಂಕರಿಂಗ್ ಶೆಡ್ಡಿನಲ್ಲಿ ಇದ್ದವರಂತೆ. ಕೈ ಒರೆಸಿಕೊಂಡು ಬಂದು ಬಾಗಿಲ ಮೇಲೆ ಅಂಗೈ ಆಡಿಸಿದರು. ಗಾಡಿಯನ್ನು ಬಿಸಿಲಿಗೆ ತೆಗೆಸಿದರು. ಒಂದು ಸಲ ನೇರ ನಿಂತು, ಒಂದು ಸಲ ಕೂತು, ಒಂದು ಸಲ ಹಿಂದಿನಿಂದ ನೋಡಿದರು. "ಹೊಂದಿಲ್ಲ ಸರ್" ಅಂದರು. ಅಷ್ಟೇ. ಮೂರು ತಿಂಗಳಿಂದ ಯಾರ ಬಾಯಲ್ಲೂ ಬರದ ಮಾತು.

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ಹೊಸ ಕಾರು ಇರುವ ಎಲ್ಲರೂ ತಿಳಿದುಕೊಂಡಿರಬೇಕು. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಾಗ ಬರೀ ತಗಡಿನ ಬಾಡಿ ಇರುತ್ತದೆ, ಸೀಟು ವೈರು ಏನೂ ಇರುವುದಿಲ್ಲ. ಹಾಗಾಗಿ 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಬಹುದು. ವರ್ಕ್‌ಶಾಪಿನಲ್ಲಿ ಪೂರ್ತಿ ಗಾಡಿ ಬಣ್ಣ ಹೊಡೆಯುವ ಬೂತಿನೊಳಗೆ ಹೋಗುತ್ತದೆ, ಅಷ್ಟು ಕಾಯಿಸಿದರೆ ಪ್ಲಾಸ್ಟಿಕ್ ಹಾಳಾಗುತ್ತದೆ, ಅದಕ್ಕೆ ಬೇರೆ ಬಗೆಯ ಬಣ್ಣ, ಗಟ್ಟಿಯಾಗಲು ಹಾರ್ಡನರ್ ಬೆರೆಸಿ, 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಎರಡೂ ಒಂದೇ ಅಲ್ಲ. ಇನ್ನು ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಬಣ್ಣ ಸಿಂಪಡಿಸುವ ಗನ್ನಿನ ಗಾಳಿ ಹೆಚ್ಚು ಕಮ್ಮಿ ಆದರೆ, ಬಣ್ಣ ಸ್ವಲ್ಪ ನೀರಾಗಿ ಬಿದ್ದರೆ, ಆ ಪುಡಿ ಮಲಗುವ ರೀತಿ ಬೇರೆಯಾಗುತ್ತದೆ. ಡಬ್ಬಿಯಲ್ಲಿ ಅದೇ ಬಣ್ಣ, ಬಾಗಿಲಲ್ಲಿ ಬೇರೆ ಬಣ್ಣ. ಅದಕ್ಕೇ ಪಕ್ಕದ ಪ್ಯಾನೆಲ್ಲಿಗೂ ಬಣ್ಣವನ್ನು ತೆಳುವಾಗಿ ಎಳೆದು ಕರಗಿಸಿ, ಆ ಪ್ಯಾನೆಲ್ಲಿಗೆ ಪೂರ್ತಿ ಕ್ಲಿಯರ್ ಕೋಟ್ ಕೊಡಬೇಕು. ಆಗ ಕಣ್ಣಿಗೆ ಗಡಿ ಸಿಗುವುದಿಲ್ಲ.

"ಹಾಗಾದರೆ ಯಾಕೆ ಮಾಡಲಿಲ್ಲ?"

"ಒಂದು ಪ್ಯಾನೆಲ್ಲಿಗೆ ಮಾತ್ರ ಅಪ್ರೂವಲ್ ಬಂದಿತ್ತು ಸರ್. ಫೆಂಡರ್ ಮುಟ್ಟಬೇಡಿ ಅಂದ್ರು."

ಅವರಿಗೆ ಕೆಲಸ ಗೊತ್ತಿತ್ತು. ಕಾಗದ ಅವರ ಕೈ ಕಟ್ಟಿತ್ತು. ಉಲ್ಮ್‌ನಲ್ಲಿ ಏಳು ತಿಂಗಳಲ್ಲಿ ನನಗೆ ಸಿಗದಿದ್ದ ಉತ್ತರ ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು, ಯಾಕೆಂದರೆ ಇಲ್ಲಿ ಮನುಷ್ಯ ಎದುರಿಗೆ ಬರುತ್ತಾನೆ. ಆದರೆ ಆ ಉತ್ತರವನ್ನು ಅಲ್ಲೇ ಬಿಟ್ಟು ಬಂದರೆ ಮಾರನೇ ದಿನ ಅದು ಗಾಳಿಗೆ ಹೋಗುತ್ತದೆ. "ಮಾಡಿಸಿ ಕೊಡ್ತೀವಿ ಅಣ್ಣ, ನಾನಿದ್ದೀನಲ್ಲ" ಅಂತ ಹುಡುಗ ಹೇಳಿದ. ಮನಸ್ಸಿಂದಲೇ ಹೇಳಿದ. ಆದರೆ ಮೂರು ತಿಂಗಳ ನಂತರ ಅವನು ಅಲ್ಲೇ ಇರುತ್ತಾನಾ?

ಅವತ್ತು ಅಲ್ಲೇ ಕೂತು ಒಂದು ಪುಟ ಬರೆದೆವು. ಕನ್ನಡದಲ್ಲೇ. ಯಾವ ತಾರೀಕು ಗಾಡಿ ಕೊಟ್ಟಿದ್ದು, ಜಾಬ್ ಕಾರ್ಡ್ (ವರ್ಕ್‌ಶಾಪಿನವರು ಕೆಲಸ ಬರೆದುಕೊಳ್ಳುವ ಚೀಟಿ) ನಂಬರ್, ಏನೇನು ದೋಷ, ಬಿಸಿಲಲ್ಲಿ ತೆಗೆದ ಆರು ಫೋಟೋ, ಬಾಗಿಲು ಮತ್ತು ಫೆಂಡರ್ ಎರಡಕ್ಕೂ ಬಣ್ಣ ಆಗಬೇಕು, ಹದಿನೈದು ದಿನದೊಳಗೆ ಉತ್ತರ ಬೇಕು. ಎರಡು ಪ್ರತಿ, ಒಂದಕ್ಕೆ ಸೀಲು ಸಹಿ. ಹಾಗೇ ಹೊಸ ಜಾಬ್ ಕಾರ್ಡಿನಲ್ಲಿ 'ಪಾಲಿಶ್' ಅಂತ ಬರೆಯಬೇಡಿ, 'ಬಣ್ಣ ಹೊಂದಿಲ್ಲ' ಅಂತ ಬರೆಯಿರಿ ಅಂದೆವು. ಇದೊಂದು ಪದಕ್ಕೆ ಅರ್ಧ ಗಂಟೆ ಮಾತಾಯಿತು.

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅನ್ನುವವರಿಗೆ ಇದನ್ನು ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಾರನ್ನು ಬೆಂಗಳೂರಿನಲ್ಲಿ ತಗೊಂಡಿದ್ದರೂ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ವಕೀಲರು ಕಡ್ಡಾಯ ಅಲ್ಲ. 5 ಲಕ್ಷದವರೆಗೆ ಶುಲ್ಕ ಇಲ್ಲ, ನಮ್ಮ ತಮ್ಮನ ಹನ್ನೊಂದು ಲಕ್ಷದ ಗಾಡಿಗೆ 400 ರೂಪಾಯಿ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ದೂರು ದಾಖಲಿಸಬಹುದು. ನಾವು ಆಯೋಗಕ್ಕೆ ಹೋಗಲಿಲ್ಲ, ಹೋಗುವ ಹಾಗೆ ಆಗಲಿಲ್ಲ. ಆದರೆ ಹೋಗಬಹುದು ಅಂತ ಗೊತ್ತಿದ್ದರಿಂದ ತಮ್ಮನ ದನಿ ಬೇರೆಯಾಯಿತು. ಅವನು ಕೂಗಾಡಲಿಲ್ಲ. ಕೂಗಾಡುವ ಅಗತ್ಯವೇ ಬೀಳಲಿಲ್ಲ.

ಬಣ್ಣದ ವಿಷಯಕ್ಕೆ ಇಷ್ಟೆಲ್ಲಾ ಬೇಕಾ ಅಂತ ಅಪ್ಪ ಇನ್ನೊಮ್ಮೆ ಕೇಳಿದರು. ಬೇಕು. ತಮ್ಮ ದಿನಾ ವಸಂತನರಸಾಪುರಕ್ಕೆ ಓಡಾಡುತ್ತಾನೆ, ಶಿರಾ ಕಡೆಯ ಹೆದ್ದಾರಿ, ಮುಂದೆ ಜಲ್ಲಿ ಟಿಪ್ಪರ್, ಮೇಲೆ ಸುಡುವ ಬಿಸಿಲು. ಮನೆಯಲ್ಲಿ ತೊಳೆಯುವುದು ಬೋರ್ ನೀರಲ್ಲಿ, ಆರಿದರೆ ಬಿಳಿ ಕಲೆ ಕೂರುತ್ತದೆ. ಕಾರಿನ ಬಣ್ಣ ಅಂದರೆ ಬರೀ ಅಂದ ಅಲ್ಲ, ತಗಡಿಗೆ ಇರುವ ಚರ್ಮ. ಮಾರುವಾಗಲೂ ಇದು ಬರುತ್ತದೆ. ಹಳೇ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುತ್ತಾರೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮತ್ತೆ ಹೊಡೆದ ಪ್ಯಾನೆಲ್ ಅದಕ್ಕಿಂತ ಜಾಸ್ತಿ ತೋರಿಸುತ್ತದೆ. ತೋರಿಸಿದ ಕೂಡಲೇ "ಆಕ್ಸಿಡೆಂಟ್ ಗಾಡಿನಾ?" ಅಂತ ಕೇಳಿ ಬೆಲೆ ಇಳಿಸುತ್ತಾರೆ. ಅದಕ್ಕೇ ನಾವು ಇನ್ನೊಂದು ಕಾಗದ ಕೇಳಿ ತಗೊಂಡೆವು: ಈ ಬಣ್ಣ ವಾರಂಟಿಯಲ್ಲಿ ಆಗಿದ್ದು, ಅಪಘಾತದಿಂದ ಅಲ್ಲ ಅಂತ.

ಹನ್ನೊಂದನೇ ದಿನ ಎರಡು ಪ್ಯಾನೆಲ್ಲಿಗೂ ಒಪ್ಪಿಗೆ ಬಂತು. ಐದು ದಿನ ಗಾಡಿ ಕೊಟ್ಟೆವು. ತಗೊಳ್ಳಲು ಬೆಳಿಗ್ಗೆಯೇ ಹೋದೆವು, ಸಂಜೆ ಬರಲ್ಲ ಅಂತ ಮೊದಲೇ ಹೇಳಿದ್ದೆವು. ಪೇಂಟರ್ ತಾವಾಗಿಯೇ ಗಾಡಿಯನ್ನು ಒರೆಸಿ ಹೊರಗೆ ಬಿಸಿಲಿಗೆ ನಿಲ್ಲಿಸಿದ್ದರು. ತಮ್ಮ ಮೂರು ಕಡೆಯಿಂದ ನೋಡಿದ. ಬಾಗಿಲು ಎಲ್ಲಿ ಮುಗಿದು ಫೆಂಡರ್ ಎಲ್ಲಿ ಶುರುವಾಗುತ್ತದೆ ಅಂತ ಆ ಸಂದಿಯಿಂದ ಮಾತ್ರ ಗೊತ್ತಾಗುತ್ತಿತ್ತು. ಕೆಳ ಅಂಚಿನಲ್ಲಿ ಒಂದು ಧೂಳಿನ ಕಾಳು ಉಳಿದಿತ್ತು. ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿದ. ನಾನು ಪೇಂಟರ್ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ನಮ್ಮೂರಲ್ಲಿ ಮಾತ್ರ ಸಿಗುವ ಅವಕಾಶ ಅದು.

ನಾನು ಹೊರಡುವ ಹಿಂದಿನ ದಿನ ಆ ಕಾಲ್ ಬಂತು. ತಮ್ಮ ಎಂಟು ಅಂದ. ಯಾಕೆ ಎಂಟು ಅಂತ ಆ ಕಡೆಯಿಂದ ಕೇಳಿದರು. ಎರಡನೇ ಸಲ ಕೆಲಸ ಚೆನ್ನಾಗಿ ಆಗಿದೆ, ಪೇಂಟರ್ ಮತ್ತು ಅಡ್ವೈಸರ್ ಇಬ್ಬರಿಗೂ ಹತ್ತು ಕೊಡ್ತೀನಿ, ಆದರೆ ಮೊದಲ ಸಲ ಒಂದೇ ಪ್ಯಾನೆಲ್ಲಿಗೆ ಒಪ್ಪಿಗೆ ಕೊಟ್ಟಿದ್ದಕ್ಕೆ ಎರಡು ಕಮ್ಮಿ, ಇದನ್ನು ಹಾಗೇ ಬರೆದುಕೊಳ್ಳಿ ಅಂತ ಹೇಳಿದ. ಬರೆದುಕೊಂಡಿದ್ದನ್ನು ಒಂದು ಸಲ ಓದಿ ಅಂತಲೂ ಕೇಳಿದ. ಫೋನ್ ಇಟ್ಟ ಮೇಲೆ ಅಡ್ವೈಸರ್ ಹುಡುಗನಿಗೆ ತಾನೇ ಕಾಲ್ ಮಾಡಿ ಏನು ಹೇಳಿದೆ ಅಂತ ತಿಳಿಸಿದ.