ಮೀನಿಗೆ ಊಟ ಹಾಕ್ತಾ ಇದ್ದೀನಿ

ನನ್ನ ಮಗನಿಗೆ ಏಳು ವರ್ಷ. ಮಾತಾಡುವಾಗ ಉಗ್ಗುತ್ತಾನೆ. ಹೋದ ವರ್ಷ ಕುವೆಂಪುನಗರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಬಂದು "ಏನ್ ಕೊಡ್ಲಿ ಪುಟ್ಟಾ?" ಎಂದರು. ಇವನು "ಮ... ಮ..." ಎಂದು ಶುರು ಮಾಡಿದ. ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ನನಗೆ ತಡೆಯಲಾಗಲಿಲ್ಲ, "ಒಂದು ಮಸಾಲೆ ದೋಸೆ" ಅಂದುಬಿಟ್ಟೆ. ದೋಸೆ ಬಂತು, ತಿಂದ. ಸ್ಕೂಟರಿನಲ್ಲಿ ಮನೆಗೆ ಬರುವಾಗ ಹಿಂದಿನಿಂದ ಮೆಲ್ಲಗೆ ಹೇಳಿದ: "ಅಪ್ಪಾ, ನಂಗೆ ಮದ್ದೂರು ವಡೆ ಬೇಕಿತ್ತು."

ಮಾನಸಗಂಗೋತ್ರಿ ಹತ್ತಿರದ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಅವನಿಗೆ ಹೇಳಿಕೊಡುವ ಮೇಡಂ ಮೊದಲ ದಿನವೇ ಹೇಳಿದ್ದರು: "ಸರ್, ಅವನ ಮಾತನ್ನ ನೀವು ಮುಗಿಸಬೇಡಿ. ಕಾಯಿರಿ." ಹೂಂ ಅಂದಿದ್ದೆ. ಹೂಂ ಅನ್ನೋದು ಸುಲಭ ಅಲ್ವಾ.

ಕಾಯೋದು ಅಂದರೆ ಏನು ಎಂದು ನಾನು ಕಣ್ಣಾರೆ ನೋಡಿದ್ದು ಯೂಟ್ಯೂಬಿನಲ್ಲಿ. ಫ್ರೆಡ್ ರೋಜರ್ಸ್ ಎಂಬ ಅಮೆರಿಕದ ಮನುಷ್ಯ. 1968ರಿಂದ 2001ರವರೆಗೆ ಅಲ್ಲಿನ ಟಿವಿಯಲ್ಲಿ ಪುಟ್ಟ ಮಕ್ಕಳ ಕಾರ್ಯಕ್ರಮ ನಡೆಸಿದರು. ಒಳಗೆ ಬರುತ್ತಾರೆ, ಕೋಟು ಬಿಚ್ಚಿ ಸ್ವೆಟರ್ ಹಾಕಿಕೊಳ್ಳುತ್ತಾರೆ, ಕೂತು ಶೂ ಬದಲಿಸುತ್ತಾರೆ. ಆ ಸ್ವೆಟರುಗಳಲ್ಲಿ ಎಷ್ಟೋ ಅವರ ಅಮ್ಮನೇ ಹೆಣೆದವು. ಅವಸರವೇ ಇಲ್ಲ. ಮೊದಲ ಸಲ ನೋಡಿದಾಗ ನನಗೆ ಬೋರ್ ಹೊಡೆಯಿತು, ಸುಳ್ಳು ಯಾಕೆ ಹೇಳಲಿ. ಮಗ ಮಾತ್ರ ಕಣ್ಣು ಮಿಟುಕಿಸದೆ ನೋಡಿದ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರೋದಿಲ್ಲ. ಆದರೂ ಅಲ್ಲಿ ಯಾರೂ ಯಾರನ್ನೂ ಅವಸರ ಮಾಡುತ್ತಿಲ್ಲ ಅನ್ನೋದು ಅವನಿಗೆ ಗೊತ್ತಾಗಿರಬೇಕು.

1981ರ ಒಂದು ಕಂತಿದೆ. ಜೆಫ್ ಅರ್ಲ್ಯಾಂಗರ್ ಎಂಬ ಹತ್ತು ವರ್ಷದ ಹುಡುಗ ಕರೆಂಟಿನ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಕುರ್ಚಿ ಹೇಗೆ ಓಡುತ್ತೆ, ತನಗೆ ಏನಾಗಿದೆ, ಎಲ್ಲಾ ಅವನೇ ಹೇಳುತ್ತಾನೆ. ಡಾಕ್ಟರ್ ಹೇಳುವ ದೊಡ್ಡ ದೊಡ್ಡ ಪದಗಳೂ ಬರುತ್ತವೆ. ರೋಜರ್ಸ್ ಮಧ್ಯೆ ಬಾಯಿ ಹಾಕೋದಿಲ್ಲ. ಅಯ್ಯೋ ಪಾಪ ಅನ್ನೋ ಮುಖ ಮಾಡೋದಿಲ್ಲ. ಕೊನೆಗೆ ಇಬ್ಬರೂ ಸೇರಿ ಹಾಡುತ್ತಾರೆ. ನಮ್ಮ ಟಿವಿಯಲ್ಲಾಗಿದ್ದರೆ ಹಿನ್ನೆಲೆಗೆ ಪಿಟೀಲು, ಅಮ್ಮನ ಕಣ್ಣೀರಿನ ಮೇಲೆ ಕ್ಯಾಮೆರಾ, ಆಮೇಲೆ ಒಂದು ಬ್ರೇಕ್.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೀನಿನ ಕಥೆ. ಕಾರ್ಯಕ್ರಮದಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ರೋಜರ್ಸ್ ಸುಮ್ನೆ ಹೋಗಿ ಚಿಟಿಕೆ ಆಹಾರ ಉದುರಿಸಿ ಬರುತ್ತಿದ್ದರು. ಕಣ್ಣು ಕಾಣದ ಒಬ್ಬ ಪುಟ್ಟ ಹುಡುಗಿಯಿಂದ ಪತ್ರ ಬಂತು. ನೀವು ಮೀನಿಗೆ ಊಟ ಹಾಕಿದಿರೋ ಇಲ್ಲವೋ ನನಗೆ ಗೊತ್ತಾಗೋದಿಲ್ಲ, ಅವು ಹಸಿದಿರುತ್ತವೇನೋ ಎಂದು ಚಿಂತೆ ಆಗುತ್ತೆ, ದಯವಿಟ್ಟು ಬಾಯಿಬಿಟ್ಟು ಹೇಳಿ ಎಂದು. ಅಲ್ಲಿಂದ ಮುಂದೆ "ಈಗ ಮೀನಿಗೆ ಊಟ ಹಾಕ್ತಾ ಇದ್ದೀನಿ" ಅನ್ನೋ ಥರದ ಒಂದು ಮಾತು ಹೇಳತೊಡಗಿದರು. ಕಣ್ಣು ಕಾಣುವ ಲಕ್ಷಾಂತರ ಮಕ್ಕಳಿಗೆ ಆ ಮಾತು ಬೇಕಿರಲಿಲ್ಲ. ಯಾಕೆ ಹೇಳುತ್ತಿದ್ದಾರೆ ಅಂತಲೂ ಗೊತ್ತಿರಲಿಲ್ಲ.

1969ರ ಇನ್ನೊಂದು ಕಂತಿನಲ್ಲಿ ರೋಜರ್ಸ್ ಚಿಕ್ಕ ಪ್ಲಾಸ್ಟಿಕ್ ತೊಟ್ಟಿಯ ನೀರಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಾರೆ. ಪೊಲೀಸ್ ಪಾತ್ರದ ಫ್ರಾಂಸ್ವಾ ಕ್ಲೆಮನ್ಸ್ ಬರುತ್ತಾರೆ, ಕಪ್ಪು ವರ್ಣದವರು. ಬನ್ನಿ, ನೀವೂ ಕಾಲಿಡಿ ಎಂದು ರೋಜರ್ಸ್ ಕರೆಯುತ್ತಾರೆ. ಕಪ್ಪು ಜನರನ್ನು ಈಜುಕೊಳಕ್ಕೆ ಇಳಿಸದಿದ್ದ ಕಾಲದ ನೆನಪು ಇನ್ನೂ ಹಸಿಯಾಗಿಯೇ ಇತ್ತು. ಭಾಷಣ ಇಲ್ಲ. ಒಂದೇ ನೀರು, ಒಂದೇ ಟವೆಲ್, ನಾಲ್ಕು ಕಾಲು. ಮಂಡ್ಯ ಕಡೆಯ ನಮ್ಮ ಊರಿನ ಟೀ ಅಂಗಡಿಯಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇರುತ್ತಿತ್ತು. ನಾನೇ ಕಂಡಿದ್ದೇನೆ. ಹಾಗಾಗಿ ಆ ಟವೆಲ್ ನನಗೆ ಬೇಗ ಅರ್ಥ ಆಯಿತು.

ಹಾಗಂತ ರೋಜರ್ಸ್‌ರನ್ನು ದೇವರು ಮಾಡೋದು ಬೇಡ. ಕ್ಲೆಮನ್ಸ್ ಸಲಿಂಗಿ. ಅದು ಹೊರಗೆ ಗೊತ್ತಾದರೆ ಕಾರ್ಯಕ್ರಮದಲ್ಲಿ ಇರಲಾಗದು ಎಂದು ಕ್ಲೆಮನ್ಸ್‌ಗೆ ರೋಜರ್ಸ್ ಹೇಳಿದ್ದರು. ಕ್ಲೆಮನ್ಸ್ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ, ರೋಜರ್ಸ್ ಮೇಲಿನ ಪ್ರೀತಿಯನ್ನೂ ಬಿಟ್ಟುಕೊಡದೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ.

1997ರಲ್ಲಿ ರೋಜರ್ಸ್‌ಗೆ, ಅಲ್ಲಿನ ಟಿವಿಯವರಿಗೆ ಪ್ರಶಸ್ತಿ ಕೊಡುವ ಎಮ್ಮಿ ಸಂಸ್ಥೆಯವರು ಜೀವಮಾನದ ಪ್ರಶಸ್ತಿ ಕೊಟ್ಟರು. ತಳುಕಿನ ಸಭೆ, ಎದುರಿಗೆಲ್ಲಾ ಟಿವಿ ತಾರೆಯರು. ನಿಮ್ಮನ್ನು ಪ್ರೀತಿಸಿ ಬೆಳೆಸಿದವರನ್ನು ಹತ್ತು ಸೆಕೆಂಡ್ ನೆನೆಯಿರಿ, ಟೈಮ್ ನಾನು ನೋಡಿಕೊಳ್ಳುತ್ತೇನೆ ಎಂದು ವಾಚು ನೋಡುತ್ತಾ ನಿಂತುಬಿಟ್ಟರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. 2003ರಲ್ಲಿ ಹೊಟ್ಟೆ ಕ್ಯಾನ್ಸರಿನಿಂದ ತೀರಿಕೊಂಡರು.

ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ನಿಮಗೆ ಗೊತ್ತಾಗಬೇಕಾದರೆ ಉಗ್ಗುವ ಮಗುವಿನ ಎದುರು ಸುಮ್ಮನೆ ಕೂತು ನೋಡಿ. ಹೋದ ಭಾನುವಾರ ಅದೇ ಹೋಟೆಲಿಗೆ ಹೋಗಿದ್ದೆವು. ಅದೇ ಸಪ್ಲೈಯರ್. "ಮ... ಮ..." ನಾನು ನೀರಿನ ಲೋಟ ಬಾಯಿಗೆ ಇಟ್ಟುಕೊಂಡೆ, ಮಾತು ಆಚೆ ಬರದಿರಲಿ ಎಂದು. ಮನಸ್ಸಿನಲ್ಲೇ ಎಣಿಸಿದೆ. ಸಪ್ಲೈಯರ್ ಹೆಗಲ ಮೇಲಿನ ಬಟ್ಟೆ ತೆಗೆದು, ಆಗಲೇ ಒರೆಸಿದ್ದ ಟೇಬಲನ್ನೇ ಮತ್ತೊಮ್ಮೆ ಒರೆಸುತ್ತಾ ನಿಂತರು. ಏಳು, ಎಂಟು...

"ಮಸಾಲೆ ದೋಸೆ" ಎಂದ.