ಮಹಾಪುರುಷರಿಗೆ ನೆಗಡಿ ಆಗುವುದಿಲ್ಲ

ನನ್ನ ಅಕ್ಕನ ಮಗಳ ಶಾಲೆಗೆ ನಲವತ್ತು ಪುಸ್ತಕ ಬಂದಿವೆ. ಮಕ್ಕಳು ಹನ್ನೊಂದು. ತಲೆಗೆ ಮೂರೂವರೆ ಪುಸ್ತಕ! ಇಂಥ ಸುಭಿಕ್ಷ ಕಾಲ ನಮ್ಮ ಶಿರಸಿ ಸೀಮೆಗೆ ಹಿಂದೆಂದೂ ಬಂದಿರಲಿಲ್ಲ. ನಾವು ಓದುವಾಗ ಲೈಬ್ರರಿ ಎಂದರೆ ಹೆಡ್ ಮಾಸ್ತರರ ಮೇಜಿನ ಕೆಳಗಿನ ಒಂದು ತಗಡಿನ ಪೆಟ್ಟಿಗೆ. ಕೀಲಿಕೈ ಅವರ ಜನಿವಾರದಲ್ಲಿ.

ನಲವತ್ತೂ ದೇಶದ ನಾಯಕರ ಬಾಲ್ಯದ ಕಥೆಗಳು. ಯಾರು ಕಳಿಸಿದರು ಅಂತ ಕೇಳಬೇಡಿ. ಇಂಥ ಪುಸ್ತಕ ಮಳೆಗಾಲದ ಅಣಬೆ ಇದ್ದ ಹಾಗೆ. ಬೆಳಗಾಗುವಾಗ ಎದ್ದಿರುತ್ತವೆ, ಬಿತ್ತಿದವರು ಕಾಣುವುದಿಲ್ಲ. ನಾಲ್ಕನೇ ಕ್ಲಾಸಿನ ಈ ಹುಡುಗಿ ಎರಡು ದಿನದಲ್ಲಿ ಆರು ಪುಸ್ತಕ ಮುಗಿಸಿ ನನ್ನ ಹತ್ತಿರ ಬಂದು ಕೇಳಿದಳು: ‘ಮಾವಾ, ಇವರೆಲ್ಲ ಒಂದೇ ಮನೇವ್ರಾ?’

ನೋಡಿದೆ. ಅವಳು ಕೇಳಿದ್ದು ಸರಿಯೇ. ಅದೇ ಮಣ್ಣಿನ ಗೋಡೆ, ಅದೇ ಒಲೆ, ಒಲೆಯ ಮುಂದೆ ಅದೇ ಬಿಳಿ ಸೀರೆಯ ತಾಯಿ. ಚಿತ್ರ ಬರೆದವರು ಒಂದು ಮನೆ ಬರೆದಿಟ್ಟುಕೊಂಡು ಹುಡುಗನ ತಲೆ ಮಾತ್ರ ಬದಲಿಸುತ್ತ ಹೋಗಿದ್ದಾರೆ. ಯಕ್ಷಗಾನದ ರಂಗಸ್ಥಳದಲ್ಲಿ ಒಂದೇ ರಥ ದೇವೇಂದ್ರನಿಗೂ ಆಗುತ್ತದೆ, ಕೌರವನಿಗೂ ಆಗುತ್ತದಲ್ಲ, ಹಾಗೆ.

ಆ ಹುಡುಗನ ವಿಷಯ ಕೇಳಲೇಬೇಡಿ. ಅವನಿಗೆ ನೆಗಡಿ ಆಗುವುದಿಲ್ಲ. ತಲೆಯಲ್ಲಿ ಹೇನಿಲ್ಲ. ಹದಿಮೂರರ ಮಗ್ಗಿ ತಪ್ಪುವುದಿಲ್ಲ. ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿಯುವುದಿಲ್ಲ. ಐದನೇ ವರ್ಷಕ್ಕೇ ದೇಶದ ಚಿಂತೆ ಹತ್ತಿಸಿಕೊಂಡಿದ್ದಾನೆ. ಐದನೇ ವರ್ಷಕ್ಕೆ ನನಗಿದ್ದ ಚಿಂತೆ ತೊಡದೇವಿನ ಡಬ್ಬಿ ಯಾವ ನಾಗಂದಿಗೆಯ ಮೇಲಿದೆ ಎನ್ನುವುದೊಂದೇ. ನಾನು ಯಾಕೆ ದೊಡ್ಡ ಮನುಷ್ಯ ಆಗಲಿಲ್ಲ ಎನ್ನುವುದು ಈಗ ಗೊತ್ತಾಯಿತು.

ಮತ್ತೆ ಆ ಬೀದಿ ದೀಪ. ದೊಡ್ಡವರಾದ ಎಲ್ಲರೂ ಬೀದಿ ದೀಪದ ಕೆಳಗೇ ಓದಿದವರು. ಇದನ್ನು ಹುಡುಗಿ ಓದಿದ್ದು ಎಮರ್ಜೆನ್ಸಿ ಲೈಟಿನಲ್ಲಿ. ಮಳೆಗೆ ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ. ಮನೆಯಿಂದ ಹತ್ತಿರದ ಬೀದಿ ದೀಪಕ್ಕೆ ನಾಲ್ಕು ಕಿಲೋಮೀಟರ್. ಅದರ ಕೆಳಗೆ ಕೂತರೆ ಪಾಠ ಮುಗಿಯುವ ಮೊದಲು ಉಂಬಳ ರಕ್ತ ಮುಗಿಸಿರುತ್ತದೆ. ಆ ದೀಪವೂ ಈಗ ಉರಿಯುತ್ತಿಲ್ಲ, ಬಿಡಿ.

ಪ್ರಧಾನಿ ಮೋದಿಯವರ ಬಾಲ್ಯದ ಮೊಸಳೆ ಕಥೆ ನಿಮಗೆಲ್ಲ ಗೊತ್ತೇ ಇದೆ. ಮೊಸಳೆ ಇರುವ ಕೆರೆಯ ಸಾಹಸ 2014ರ ಚುನಾವಣೆ ಹೊತ್ತಿಗೇ ಮಕ್ಕಳ ಚಿತ್ರಕಥೆ ಆಗಿತ್ತು. 2019ರಲ್ಲಿ ಟಿವಿಯ ಸಾಹಸಿ ಬೇರ್ ಗ್ರಿಲ್ಸ್ ಜೊತೆ ಕಾಡು ಸುತ್ತುವಾಗ ಪ್ರಧಾನಿಯವರು ತಾವೇ ಇನ್ನೊಂದು ಹೇಳಿದರು. ಚಿಕ್ಕವರಿದ್ದಾಗ ಮೊಸಳೆ ಮರಿಯನ್ನು ಮನೆಗೆ ತಂದಿದ್ದರಂತೆ, ತಾಯಿ ಬುದ್ಧಿ ಹೇಳಿದ ಮೇಲೆ ವಾಪಸ್ ಬಿಟ್ಟರಂತೆ. ಒಳ್ಳೆಯ ಕಥೆ. ನಮ್ಮ ಹುಡುಗಿ ಓದಿದ್ದು ಶಿರಸಿ ಕಡೆ ಆದದ್ದರಿಂದ ಬಚಾವ್. ದಾಂಡೇಲಿಯ ಮಕ್ಕಳ ಕೈಗೆ ಸಿಕ್ಕಿದರೆ ಏನು ಗತಿ? ಅಲ್ಲಿ ಕಾಳಿ ನದಿಯಲ್ಲಿ ಚಿತ್ರದ ಮೊಸಳೆ ಅಲ್ಲ, ಹಲ್ಲಿರುವ ಮೊಸಳೆಗಳೇ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಅವು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಮರಿ ಹಿಡಿದು ತಂದರೆ ತಾಯಿ ಬುದ್ಧಿ ಹೇಳುವ ಮೊದಲೇ ಗಾರ್ಡು ಅಂಗಳದಲ್ಲಿ ನಿಂತಿರುತ್ತಾನೆ. ನಮ್ಮ ಜಿಲ್ಲೆಯಲ್ಲಿ ಒಣ ಕಟ್ಟಿಗೆ ತಂದರೇ ಕೇಸು ಮಾರಾಯ್ರೇ. ಮೊಸಳೆ ತಂದು ಪ್ರಧಾನಿ ಆಗುವ ಸೌಲಭ್ಯ ಎಲ್ಲ ಊರಿಗೂ ಇಲ್ಲ.

ಪ್ರಾಣಿ ಪಕ್ಷಿ ಅಂದಾಗ ಆ ಬುಲ್‌ಬುಲ್ ನೆನಪಾಯಿತು. ನಮ್ಮ ಕಡೆ ಪಿಕಳಾರ ಅನ್ನುತ್ತೇವೆ. 2022ರಲ್ಲಿ ಎಂಟನೇ ಕ್ಲಾಸಿನ ಕನ್ನಡ ಪಾಠದಲ್ಲಿ ಸಾವರ್ಕರ್ ಅದರ ರೆಕ್ಕೆಯ ಮೇಲೆ ಕೂತು ಅಂಡಮಾನಿನ ಸೆಲ್ಲಿನಿಂದ ತಾಯ್ನಾಡಿಗೆ ಬಂದು ಹೋಗುತ್ತಿದ್ದರು. ಆಮೇಲೆ ಅದು ಅಲಂಕಾರ ಎಂಬ ಸಮಜಾಯಿಷಿ ಬಂತು. ಇರಬಹುದು. ಆದರೆ ಪಿಕಳಾರದ ತೂಕ ಮೂವತ್ತು ನಲವತ್ತು ಗ್ರಾಂ. ತೋಟದಲ್ಲಿ ದಿನಾ ಅದನ್ನು ನೋಡುವ ಮಕ್ಕಳಿಗೆ ಅಲಂಕಾರಕ್ಕಿಂತ ಮೊದಲು ಹಕ್ಕಿಯ ಮೇಲೆ ಕನಿಕರ ಬರುತ್ತದೆ.

ನಾವು ಇನ್ನೂ ಹಿಂದೆಯೇ ಇದ್ದೇವೆ. ಉತ್ತರ ಕೊರಿಯಾದಲ್ಲಿ ಕಿಮ್ ಜಾಂಗ್ ಇಲ್ ಹುಟ್ಟಿದಾಗ ಪವಿತ್ರ ಬೆಟ್ಟದ ಮೇಲೆ ಜೋಡಿ ಕಾಮನಬಿಲ್ಲು ಮೂಡಿತ್ತು ಎಂದು ಮಕ್ಕಳು ಕಲಿಯುತ್ತಾರೆ. ಸೋವಿಯತ್ ದಾಖಲೆ ಪ್ರಕಾರ ಅವನು ಹುಟ್ಟಿದ್ದು ರಷ್ಯಾದ ಒಂದು ಹಳ್ಳಿಯಲ್ಲಿ. ಮಗ ಕಿಮ್ ಜಾಂಗ್ ಉನ್ ಮೂರನೇ ವರ್ಷಕ್ಕೇ ಗಾಡಿ ಓಡಿಸಿದ ಎಂದು ಶಾಲೆಯಲ್ಲಿ ಹೇಳಿಕೊಡುವ ಸುದ್ದಿ 2015ರಲ್ಲಿ ಬಂದಿತ್ತು. ನಮ್ಮ ಶಿರಸಿಯ ಕೆಎ-31 ನಂಬರಿನ ಗಾಡಿಯಲ್ಲಿ ಹೆಲ್ಮೆಟ್ ಮರೆತರೆ ಬಿಡುವುದಿಲ್ಲ.

ಈ ಪುಸ್ತಕಗಳಲ್ಲಿ ಒಂದು ತಪ್ಪಿಗೆ ಮಾತ್ರ ಪರವಾನಗಿ ಇದೆ. ಒಂದೇ ಒಂದು. ಅದನ್ನೂ ಕೂಡಲೇ ಒಪ್ಪಿಕೊಳ್ಳಬೇಕು. ವಾಷಿಂಗ್ಟನ್ ಚೆರ್ರಿ ಮರ ಕಡಿದು ‘ಅಪ್ಪಾ, ನಾನು ಸುಳ್ಳು ಹೇಳಲಾರೆ’ ಅಂದದ್ದು ಗೊತ್ತಲ್ಲ. ಅದು ಪುಸ್ತಕ ಮಾರುತ್ತಿದ್ದ ಒಬ್ಬ ಪಾದ್ರಿ ಸೇರಿಸಿದ ಕಥೆ, ಅದೂ 1806ರಲ್ಲಿ. ವಾಷಿಂಗ್ಟನ್ ಸತ್ತು ಏಳು ವರ್ಷ ಆಗಿತ್ತು. ಆ ಅಪ್ಪ ಮಗನನ್ನು ತಬ್ಬಿಕೊಂಡನಂತೆ. ನಮ್ಮಲ್ಲಿ ಯಾರಾದರೂ ಅಡಿಕೆ ಸಸಿ ಕಡಿದು ‘ಅಪ್ಪಯ್ಯ, ನಾನೇ ಕಡಿದೆ’ ಅಂದು ನೋಡಲಿ. ತಬ್ಬಿಕೊಳ್ಳುವ ಮಾತು ಹಾಗಿರಲಿ, ಕಣ್ಣಿಯ ಹಗ್ಗ ಕೈಗೆ ಬಂದಿರುತ್ತದೆ.

ತಮಾಷೆ ಏನೆಂದರೆ ನಿಜವಾದ ಖಾಸಗಿ ಬದುಕನ್ನು ಕೆಲವರು ತಾವೇ ಬರೆದಿಟ್ಟಿದ್ದಾರೆ. ನೆಹರೂ ಐದಾರು ವರ್ಷದವರಿದ್ದಾಗ ಅಪ್ಪನ ಪೆನ್ನು ಎಗರಿಸಿ ಸಿಕ್ಕಿಬಿದ್ದು ಹೇಗೆ ಹೊಡೆಸಿಕೊಂಡರು ಎಂದರೆ, ಎಷ್ಟೋ ದಿನ ಮೈಗೆಲ್ಲ ಮುಲಾಮು ಹಚ್ಚಬೇಕಾಯಿತು. ಗಾಂಧಿ ಬೀಡಿ ತುಂಡು ಸೇದಿದರು, ಆಳಿನ ಜೇಬಿನಿಂದ ಕಾಸು ಕದ್ದರು, ಅಣ್ಣನ ಕಡಗದ ಬಂಗಾರ ಕತ್ತರಿಸಿದರು, ಕದ್ದು ಮಾಂಸ ತಿಂದರು. ಬೀಡಿ ಸೇದಲು ಸ್ವಾತಂತ್ರ್ಯ ಇಲ್ಲ ಅಂತ ಸಾಯಲು ಹೊರಟು, ಹೆದರಿ ವಾಪಸ್ ಬಂದರು. ಇಷ್ಟು ಒಳ್ಳೆಯ ಮಕ್ಕಳ ಕಥೆ ಎಲ್ಲಿದೆ ಹೇಳಿ? ಹುಡುಗಿಗೆ ಹೇಳಿದೆ. ‘ಹೌದಾ! ಗಾಂಧಿನಾ!’ ಅಂತ ಕಣ್ಣು ಅರಳಿಸಿದಳು. ಬಂದಿರುವ ಪುಸ್ತಕದಲ್ಲಿ ಗಾಂಧಿ ಸೀದಾ ಶ್ರವಣಕುಮಾರನಿಂದ ದಂಡಿಗೆ ಹೋಗುತ್ತಾರೆ. ಮಧ್ಯದಲ್ಲಿ ಮನುಷ್ಯ ಇಲ್ಲ.

ಹೆಂಡತಿಯೂ ಇಲ್ಲ. ಇದನ್ನು ಗಮನಿಸಿದ್ದು ನನ್ನ ಅಕ್ಕ. ತಾಯಿಗೆ ಎಂಟು ಪುಟ, ಹೆಂಡತಿಗೆ ಅರ್ಧ ಸಾಲು. ಕಸ್ತೂರಬಾ ಹದಿಮೂರು ಹದಿನಾಲ್ಕನೇ ವರ್ಷಕ್ಕೆ ಮದುವೆಯಾಗಿ ಜೀವನವಿಡೀ ಆ ಮನುಷ್ಯನ ಪ್ರಯೋಗಗಳಿಗೆಲ್ಲ ತಲೆ ಕೊಟ್ಟವರು, ಒಂದು ಚಿತ್ರದಲ್ಲಿ ಹಿಂದೆ ನಿಂತಿದ್ದಾರೆ. ಬೋಸರಿಗೆ ಎಮಿಲಿ ಎಂಬ ಹೆಂಡತಿ, 1942ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮಗಳು ಇದ್ದದ್ದು ಮಕ್ಕಳ ಪುಸ್ತಕಕ್ಕೆ ಇನ್ನೂ ತಲುಪಿಲ್ಲ. ಈಗಿನ ಪ್ರಧಾನಿಯವರಿಗೆ ಮದುವೆ ಆಗಿದೆ ಎನ್ನುವುದು ಅವರ ಕಡೆಯಿಂದಲೇ ದೇಶಕ್ಕೆ ಗೊತ್ತಾದದ್ದೂ 2014ರ ನಾಮಪತ್ರದಿಂದ. ಅದಕ್ಕೆ ಮುಂಚೆ ಆ ಕಾಲಂ ಖಾಲಿ ಬಿಡುತ್ತಿದ್ದರು.

ಅದಕ್ಕೇ ನನ್ನದೊಂದು ಸಲಹೆ. ನಾಯಕರ ಖಾಸಗಿ ಬದುಕು ಮಕ್ಕಳಿಗೆ ತಿಳಿಯಲೇಬೇಕು ಅಂತಿದ್ದರೆ ಶಾಲೆಗೆ ನಮೂನೆ 26 ಹಂಚಿ. ಚುನಾವಣೆಗೆ ನಿಲ್ಲುವವರು ಕೊಡುವ ಅಫಿಡವಿಟ್ಟು. ಫ್ರೀಯಾಗಿ ಸಿಗುತ್ತದೆ. ಕೇಸು ಎಷ್ಟು, ಸಾಲ ಯಾರಿಗೆ, ಜಮೀನು ಯಾವ ಸರ್ವೆ ನಂಬರು, ಎಲ್ಲ ಇರುತ್ತದೆ. ಕಥೆ ಪುಸ್ತಕದಲ್ಲಿ ಕಾಣೆಯಾದ ಹೆಂಡತಿ ಇಲ್ಲಿ ಪಕ್ಕದ ಕಾಲಮ್ಮಿನಲ್ಲಿ ಕೊರಳ ತುಂಬ ಬಂಗಾರ ಹಾಕಿಕೊಂಡು ಕೂತಿರುತ್ತಾಳೆ. ಗಣಿತವೂ ಬರುತ್ತದೆ. ಐದು ವರ್ಷದ ಹಿಂದೆ ಶ್ರೀಯುತರ ಆಸ್ತಿ ಇಷ್ಟು, ಸಂಬಳ ಇಷ್ಟು, ಈಗಿನ ಆಸ್ತಿ ಇಷ್ಟು. ಹಾಗಾದರೆ ಬಡ್ಡಿ ದರ ಎಷ್ಟು? ಸ್ವಂತ ಕಾರಿಲ್ಲದವರ ಕಾರು ಯಾರದ್ದು?

ಇದು ಯಾರೂ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಖರೀದಿ ಇಲ್ಲ. ಮಹಾರಾಷ್ಟ್ರದಲ್ಲಿ ಶಾಲೆಗಳಿಗೆ ಪುಸ್ತಕ ಕೊಂಡ ಲೆಕ್ಕ 2018ರಲ್ಲಿ ಹೊರಗೆ ಬಂತು. ಮೋದಿ ಪುಸ್ತಕ ಸುಮಾರು 1.5 ಲಕ್ಷ ಪ್ರತಿ, ಗಾಂಧಿಯದು 4 ಸಾವಿರ ಚಿಲ್ಲರೆ, ನೆಹರೂದು 2 ಸಾವಿರವೂ ಇಲ್ಲ. ನಾಳೆ ಸರ್ಕಾರ ಬದಲಾದರೆ ಸಂಖ್ಯೆಗಳೂ ಸೀಟು ಬದಲಿಸುತ್ತವೆ. ನಮ್ಮ ಕಾಲದಲ್ಲಿ ಚಾಚಾ ನೆಹರೂ ಗುಲಾಬಿ ಹೂ ಇಷ್ಟಿಷ್ಟು ಬಂದಿರಲಿಲ್ವಾ? ಅದೇ 2018ರಲ್ಲಿ ನಮ್ಮ ದೇಶದ್ದೇ ಒಂದು ಮಕ್ಕಳ ಪುಸ್ತಕದ ರಕ್ಷಾಪುಟದಲ್ಲಿ ಗಾಂಧಿ, ಮಂಡೇಲಾ ಜೊತೆ ಹಿಟ್ಲರನೂ ಮಹಾನಾಯಕನಾಗಿ ನಿಂತಿದ್ದ. ಲೆಕ್ಕಕ್ಕೆ ತಲೆ ಸಾಕು, ಯಾರ ತಲೆ ಆದರೇನು.

ಗಾಂಧಿ 1934ರಲ್ಲಿ ಶಿರಸಿಗೆ ಬಂದಿದ್ದರು. ಕೋಣನ ಬಲಿ ಕೊಡುವ ಜಾಗ ಅಂತ ಮಾರಿಕಾಂಬೆಯ ಗುಡಿಗೆ ಬರಲು ಒಪ್ಪಲಿಲ್ಲ. ಆಮೇಲೆ ಇಲ್ಲಿಯ ಜನರೇ ಕೂತು ಬಲಿ ನಿಲ್ಲಿಸಿದರು. ನಮ್ಮದೇ ಊರಿನ ಕಥೆ. ನಲವತ್ತರಲ್ಲಿ ಒಂದರಲ್ಲೂ ಇಲ್ಲ.

ಇರುವುದು ಶಾಸ್ತ್ರಿಯವರ ಕಥೆ. ದೋಣಿಗೆ ಕಾಸಿಲ್ಲದೆ ಗಂಗೆ ಈಜಿ ಶಾಲೆಗೆ ಹೋಗುತ್ತಿದ್ದರು ಎನ್ನುವುದು. ಇದನ್ನು ಹನ್ನೊಂದು ಮಕ್ಕಳಿಗೂ ಗಟ್ಟಿಯಾಗಿ ಓದಿ ಹೇಳಲಾಯಿತು. ಆ ಹನ್ನೊಂದರಲ್ಲಿ ಮೂರು ಮಕ್ಕಳು ಬರುವುದು ಕಾಲುಸಂಕ ದಾಟಿ. ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರು, ಕೆಳಗೆ ಕೆಂಪು ನೀರು. ಪ್ರತಿ ಮಳೆಗಾಲದ ಮೊದಲು ಅವರ ಅಪ್ಪಂದಿರೇ ಹೊಸ ಮರ ಹಾಕುತ್ತಾರೆ. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಸಂಕ ಕಟ್ಟಲು ದುಡ್ಡಿಲ್ಲ. ಸಂಕ ಇಲ್ಲದೆ ದೊಡ್ಡವರಾದವರ ಬಣ್ಣದ ಪುಸ್ತಕಕ್ಕೆ ದುಡ್ಡಿದೆ. ಕಥೆ ಕೇಳಿ ಆ ಮಕ್ಕಳು ಏನು ಮಾಡಬೇಕು? ಹೆಮ್ಮೆ ಪಡಬೇಕಾ? ಈಜಬೇಕಾ? ನಾಚಿಕೆ ಆಗುವುದಿಲ್ಲವಾ ನಿಮಗೆ?

ನಿನ್ನೆ ರಾತ್ರಿ ಮೊಬೈಲಿಗೆ ಸಂದೇಶ ಬಂತು. ಭಾರೀ ಮಳೆ, ಶಾಲೆಗೆ ರಜೆ. ಹುಡುಗಿ ಆಗ ಎಂಟನೇ ಪುಸ್ತಕದ ನಡುವೆ ಇದ್ದಳು. ಅದರ ಮಹಾಪುರುಷ ಎಂಥ ಮಳೆಗೂ ಒಂದು ದಿನ ಶಾಲೆ ತಪ್ಪಿಸಿದವನಲ್ಲ. ಬೆಳಿಗ್ಗೆ ಎದ್ದವಳೇ ಕಂಬಳಿಕೊಪ್ಪೆ ಹಾಕಿಕೊಂಡು ಹಳ್ಳದ ಕಡೆ ಹೊರಟಳು. ಬಾಗಿಲಲ್ಲಿ ನಿಂತು ಕೇಳಿದಳು:

‘ಮಾವಾ, ಏಡಿ ಮರಿ ತಂದ್ರೂ ಕೇಸಾಗ್ತದಾ?’